ಗೋಖಲೆ ಪುಲ್ ಪ್ರಕರಣ: ಸಂದಿಯಲ್ಲಿ ಕೂತ ರಿಸ್ಕ್

2024ರ ಫೆಬ್ರವರಿ 26ರಂದು ಮುಂಬೈನ ಅಂಧೇರಿಯಲ್ಲಿ ಗೋಪಾಲಕೃಷ್ಣ ಗೋಖಲೆ ಸೇತುವೆಯ ಒಂದು ಬದಿ ವಾಹನಗಳಿಗೆ ತೆರೆದುಕೊಂಡಿತು. ರೈಲು ಹಳಿಗಳ ಮೇಲೆ ಹಾದು ಪೂರ್ವ ಅಂಧೇರಿಯನ್ನೂ ಪಶ್ಚಿಮ ಅಂಧೇರಿಯನ್ನೂ ಜೋಡಿಸುವ ದಾರಿ ಅದು. ಹದಿನೈದು ತಿಂಗಳಿಗೂ ಮೇಲ್ಪಟ್ಟು ಮುಚ್ಚಿತ್ತು. ಜನ ಖುಷಿಪಡಬೇಕಾದ ಗಳಿಗೆ. ಆದರೆ ಎಲ್ಲರ ಮೊಬೈಲಿನಲ್ಲಿ ಹರಿದಾಡಿದ ಚಿತ್ರವೇ ಬೇರೆ. ಪಶ್ಚಿಮದಿಂದ ಬರುವ ಸಿ.ಡಿ. ಬರ್ಫೀವಾಲಾ ಮೇಲ್ಸೇತುವೆ ಹಿಂದೆ ನೇರವಾಗಿ ಗೋಖಲೆ ಪುಲ್‌ಗೆ ಸೇರುತ್ತಿತ್ತು. ಈಗ ಅದರ ತುದಿ ಕೆಳಗೆ, ಹೊಸ ಪುಲ್ ಒಂದೂವರೆ ಎರಡು ಮೀಟರಿನಷ್ಟು ಮೇಲೆ. ಒಂದು ಆಳಿನೆತ್ತರದ ಗೋಡೆ.

ನಕ್ಕವರೇ ಹೆಚ್ಚು. ಎಂಜಿನಿಯರುಗಳನ್ನು ಬೈದವರೂ ಇದ್ದರು. ನನ್ನ ಮಟ್ಟಿಗೆ ಇದು ಎಂಜಿನಿಯರಿಂಗ್ ಸೋತ ಕತೆಯಲ್ಲ. ಬರ್ಫೀವಾಲಾ ತನ್ನ ಮಟ್ಟಿಗೆ ಗಟ್ಟಿಯಾಗಿತ್ತು. ಹೊಸ ಗೋಖಲೆಯೂ ತನ್ನ ಡ್ರಾಯಿಂಗಿನಂತೆಯೇ ಕಟ್ಟಲ್ಪಟ್ಟಿತ್ತು. ಎರಡೂ ಸರಿ, ಕೂಡುವ ಜಾಗ ಮಾತ್ರ ತಪ್ಪು. ಅದಕ್ಕೇ ರಿಸ್ಕ್ ನಿರ್ವಹಣೆ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಪ್ರಕರಣ ಈ ಊರಿನಲ್ಲಿ ಸಿಗಲಾರದು.

ಅಂಧೇರಿ, ಜೋಗೇಶ್ವರಿ, ಗೋರೆಗಾಂವ್ ಕಡೆ ಕೆಲಸ ಮಾಡುವ ನಾವು ಕೆಲವು ಕನ್ನಡಿಗರು ಆಗೊಂದು ಈಗೊಂದು ಭಾನುವಾರ ಕೂತು ಒಂದು ಪ್ರಾಜೆಕ್ಟನ್ನು ಎತ್ತಿಕೊಂಡು ಬಿಚ್ಚಿ ನೋಡುತ್ತೇವೆ. ನಮ್ಮಲ್ಲಿ ಸಿವಿಲ್‌ನವರು ಕಡಿಮೆ, ಸಾಫ್ಟ್‌ವೇರ್‌ನವರು ಹೆಚ್ಚು. ರೈಲ್ವೆಯಿಂದ ನಿವೃತ್ತರಾದ ಧಾರವಾಡದ ಹಿರಿಯರೊಬ್ಬರೂ ಬರುತ್ತಾರೆ. ಈ ಬರಹದ ಬಹುಪಾಲು ಅಲ್ಲಿ ನಡೆದ ಜಗಳದ ಫಲ.

ನಡೆದದ್ದು

ಕತೆ ಶುರುವಾಗುವುದು 2018ರ ಜುಲೈ 3ರ ಬೆಳಿಗ್ಗೆ. ಜೋರು ಮಳೆಯಲ್ಲಿ ಹಳೆಯ ಗೋಖಲೆ ಪುಲ್‌ನ ಪಾದಚಾರಿ ಭಾಗ ಹಳಿಗಳ ಮೇಲೆ ಕುಸಿಯಿತು. ಬರುತ್ತಿದ್ದ ಲೋಕಲ್‌ನ ಮೋಟರ್‌ಮನ್ ಸಮಯಕ್ಕೆ ಬ್ರೇಕ್ ಹಾಕಿದ್ದರಿಂದ ದೊಡ್ಡ ಅನಾಹುತ ತಪ್ಪಿತು. ಆದರೂ ಗಾಯಗೊಂಡವರಲ್ಲಿ ಇಬ್ಬರು ಉಳಿಯಲಿಲ್ಲ. ಪಶ್ಚಿಮ ಮಾರ್ಗದ ಲೋಕಲ್‌ಗಳು ಗಂಟೆಗಟ್ಟಲೆ ನಿಂತವು. ಆ ನಂತರ ನಗರದ ಸೇತುವೆಗಳ ತಪಾಸಣೆಯ ಮಾತು ಎಲ್ಲೆಲ್ಲೂ ಕೇಳಿಬಂತು.

ಉಳಿದ ಪುಲ್ ಕೂಡ ನಂಬಿಕೆಗೆ ಯೋಗ್ಯವಲ್ಲ ಎಂದು ಅದನ್ನು ಪೂರ್ತಿ ಮುಚ್ಚಿದ್ದು 2022ರ ನವೆಂಬರಿನಲ್ಲಿ. ಹಳಿಗಳ ಮೇಲಿನ ಭಾಗವನ್ನು ಕೆಡವುವ ಕೆಲಸ ಪಶ್ಚಿಮ ರೈಲ್ವೆಯದು, ಹೊಸದನ್ನು ಕಟ್ಟಿಸುವುದು ಮಹಾನಗರಪಾಲಿಕೆಯದು. ಮಳೆಗಾಲಕ್ಕೆ ಮೊದಲು, ಅಂದರೆ 2023ರ ಮೇ ಹೊತ್ತಿಗೆ ಎರಡು ಲೇನ್ ಬಿಡುತ್ತೇವೆ ಎಂಬುದು ಮೊದಲ ಮಾತು. ಉಕ್ಕಿನ ಗರ್ಡರ್ (ಪುಲ್‌ನ ಭಾರ ಹೊರುವ ದೊಡ್ಡ ತೊಲೆ) ತಯಾರಾಗುತ್ತಿದ್ದುದು ದೂರದ ಹರಿಯಾಣದ ಅಂಬಾಲಾದಲ್ಲಿ. 2023ರ ಜುಲೈನಲ್ಲಿ ಉತ್ತರ ಭಾರತದಲ್ಲಿ ಭಾರೀ ಪ್ರವಾಹ ಬಂತು, ಗಡುವು ಜಾರಿತು, ಮತ್ತೆ ಜಾರಿತು. ಆ ವರ್ಷದ ಡಿಸೆಂಬರ್ ಆರಂಭದಲ್ಲಿ ರಾತ್ರಿ ಬ್ಲಾಕ್ ತೆಗೆದುಕೊಂಡು, ಅಂದರೆ ರೈಲು ಓಡಾಟ ನಿಲ್ಲಿಸಿಕೊಂಡು, ಸುಮಾರು 1,300 ಟನ್ ತೂಕದ ಮೊದಲ ಗರ್ಡರನ್ನು ಹಳಿಗಳ ಮೇಲೆ ಸರಿಸಿದರು. ಕೆಳಗೆ ಲೋಕಲ್ ಓಡುವ ಜಾಗದಲ್ಲಿ ಅಷ್ಟು ಭಾರ ಸರಿಸುವುದು ಸಣ್ಣ ಕೆಲಸವಲ್ಲ. ಅದನ್ನು ಅಚ್ಚುಕಟ್ಟಾಗಿ ಮಾಡಿದರು. ನಗೆಯ ನಡುವೆ ಯಾರೂ ಅದನ್ನು ನೆನೆಯಲಿಲ್ಲ, ಅದು ಬೇರೆ ಮಾತು.

ಆಮೇಲೆ ಫೆಬ್ರವರಿ 26, ಮತ್ತು ಆ ಗೋಡೆ.

ಹಳಿಗಳ ಮೇಲೆ ಬಿಡಬೇಕಾದ ತೆರಪಿನ ಬಗ್ಗೆ ರೈಲ್ವೆಯ ಈಗಿನ ನಿಯಮ ಹಳೆಯ ಪುಲ್ ಕಟ್ಟಿದ ಕಾಲದ್ದಕ್ಕಿಂತ ಹೆಚ್ಚು. ಹಾಗಾಗಿ ಹೊಸ ಪುಲ್ ಮೇಲೇರಿತು. ಬರ್ಫೀವಾಲಾ ಹಳೆಯ ಪುಲ್‌ನ ಮಟ್ಟಕ್ಕೆ ಕಟ್ಟಿದ್ದು, ಅದು ಇದ್ದಲ್ಲೇ ಉಳಿಯಿತು. ಕಾರಣ ಇಷ್ಟೇ. ಗುಟ್ಟು ಏನೂ ಇಲ್ಲ.

ಗೊತ್ತಿತ್ತೋ, ಗೊತ್ತಿರಲಿಲ್ಲವೋ

ನಮ್ಮ ಚರ್ಚೆ ಮೊದಲು ಸಿಕ್ಕಿಕೊಂಡದ್ದು ಇಲ್ಲೇ. ವಿಜಯಪುರದ ಒಬ್ಬ ಹುಡುಗಿ, ಅಂಧೇರಿಯ ಸೀಪ್ಜ್ ರಫ್ತು ವಲಯದಲ್ಲಿ ಪೇಮೆಂಟ್ ಸಾಫ್ಟ್‌ವೇರ್ ನೋಡಿಕೊಳ್ಳುವವಳು, ಕೇಳಿದಳು: "ಸರ್, ಎತ್ತರ ಏರತೈತಿ ಅಂತ ಅವರಿಗೆ ಮೊದಲ ಗೊತ್ತಿರಲೇಬೇಕಲ್ರಿ?"

ಹಿರಿಯರು ಹೇಳಿದರು: "ಗೊತ್ತಿರದ ಏನವಾ. ಹಳಿ ಮ್ಯಾಲೆ ಪುಲ್ ಕಟ್ಟಬೇಕಂದ್ರ ಮೊದಲ ಜನರಲ್ ಅರೇಂಜ್‌ಮೆಂಟ್ ಡ್ರಾಯಿಂಗ್, ಅಂದ್ರ ಪುಲ್‌ನ ಒಟ್ಟು ನಕ್ಷೆ, ರೈಲ್ವೆಯಿಂದ ಪಾಸ್ ಆಗಬೇಕು. ಅದಕ್ಕ ಸಹಿ ಬಿದ್ದ ದಿನಾನ ಎತ್ತರ ಠರಾವ್ ಆತು. ಬರ್ಫೀವಾಲಾದ ತುದಿ ಎಷ್ಟು ಎತ್ತರದಾಗ ಐತಿ ಅಂತ ನೋಡಾಕ ಒಂದು ಲೆವೆಲ್ ಮಷೀನು, ಇಬ್ಬರು ಹುಡುಗರು, ಒಂದು ಮುಂಜಾನೆ ಸಾಕು. ಆದ್ರ 'ಎಲ್ಲಾರಿಗೂ ಗೊತ್ತೈತಿ' ಅನ್ನೋ ಮಾತು ಐತಲ್ಲ, ಅದು ಭಾಳ ಡೇಂಜರ್ ನೋಡು."

ನಾವು ಎರಡೂ ಸಾಧ್ಯತೆಗಳನ್ನು ಹಿಡಿದು ನೋಡಿದೆವು. ಗೊತ್ತಿರಲಿಲ್ಲ ಎಂದುಕೊಳ್ಳಿ. ಆಗ ಅದು ಗುರುತಿಸುವ ಹಂತದ ಸೋಲು. ನಮ್ಮ ಕೆಲಸ ಮುಗಿಯುವ ಗೆರೆಯ ಆಚೆಗೆ ಏನಿದೆ ಎಂದು ನಡೆದು ನೋಡುವ ಪದ್ಧತಿ ಇರಲಿಲ್ಲ ಎಂದರ್ಥ. ಇದರ ಮದ್ದು ಸುಲಭ: ಪ್ರಾಜೆಕ್ಟಿನ ಗಡಿಯುದ್ದಕ್ಕೂ ಹೋಗಿ, ನಮ್ಮದಲ್ಲದ ಆದರೆ ನಮಗೆ ತಾಗುವ ಪ್ರತಿಯೊಂದನ್ನೂ, ಅಂದರೆ ಪೈಪು, ಕೇಬಲ್ಲು, ಪಕ್ಕದ ರಸ್ತೆ, ಬೇರೆ ಇಲಾಖೆಯ ಸೇತುವೆ, ಬರೆದುಕೊಳ್ಳುವುದು.

ಗೊತ್ತಿತ್ತು, ಬೇಕೆಂದೇ ಹಾಗೆ ಮಾಡಿದರು ಎಂದುಕೊಳ್ಳಿ. ಈ ಎರಡನೆಯದನ್ನು ಎಲ್ಲರೂ ಹಗುರವಾಗಿ ತಳ್ಳಿಹಾಕುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಜನ ಹದಿನೈದು ತಿಂಗಳು ಒದ್ದಾಡಿದ್ದಾರೆ, ಮೊದಲು ಮುಖ್ಯ ದಾರಿ ಬಿಡೋಣ, ಬರ್ಫೀವಾಲಾವನ್ನು ಆಮೇಲೆ ಸೇರಿಸೋಣ ಎಂಬುದು ಪೂರ್ತಿ ವಿವೇಕದ ತೀರ್ಮಾನ. ರಿಸ್ಕನ್ನು ತಪ್ಪಿಸಬಹುದು, ತಗ್ಗಿಸಬಹುದು, ಇನ್ನೊಬ್ಬರಿಗೆ ದಾಟಿಸಬಹುದು, ಒಪ್ಪಿಕೊಳ್ಳಲೂಬಹುದು. ಒಪ್ಪಿಕೊಳ್ಳುವುದು ಹೇಡಿತನವಲ್ಲ. ಆದರೆ ಒಪ್ಪಿಕೊಂಡದ್ದನ್ನು ಬರೆಯಬೇಕು: ಇಂಥವರು, ಇಂಥ ದಿನ, ಇಷ್ಟು ಖರ್ಚು ಮತ್ತು ಇಷ್ಟು ತಿಂಗಳ ತೊಂದರೆ ಗೊತ್ತಿದ್ದೂ ಒಪ್ಪಿದ್ದೇವೆ, ಮುಂದಿನ ಹೆಜ್ಜೆ ಇದು ಎಂದು. ಹಾಗೆ ಬರೆದಿದ್ದರೆ ಮುಂದಿನ ಹೆಜ್ಜೆಯ ಸಿದ್ಧತೆ ಗರ್ಡರ್ ಅಂಬಾಲಾದಲ್ಲಿ ತಯಾರಾಗುತ್ತಿದ್ದಾಗಲೇ ಪಕ್ಕದಲ್ಲಿ ನಡೆಯುತ್ತಿತ್ತು. ಬರ್ಫೀವಾಲಾವನ್ನು ಎತ್ತಬಹುದೇ, ಕೆಡವಬೇಕೇ ಎಂದು ತಜ್ಞರನ್ನು ಕೇಳುವುದಕ್ಕೆ ಹೊಸ ಪುಲ್ ಏಳುವ ತನಕ ಕಾಯಬೇಕಾದ ಕಾರಣವೇ ಇಲ್ಲ. ನಡೆದದ್ದು ಉಲ್ಟಾ. ಚಿತ್ರ ಹರಿದಾಡಿದ ಮೇಲೆ ಮುಂಬೈನ ಎಂಜಿನಿಯರಿಂಗ್ ಸಂಸ್ಥೆಗಳಾದ ವಿಜೆಟಿಐ, ಐಐಟಿ ಬಾಂಬೆಗಳ ಸಲಹೆಗೆ ಹೋದರು. ವಿಜೆಟಿಐ ವರದಿ ಬಂದದ್ದು ಮಾರ್ಚ್‌ನಲ್ಲಿ. ಬರ್ಫೀವಾಲಾ ಜೋಡಣೆ ತೆರೆದದ್ದು ಜುಲೈ 4ಕ್ಕೆ. ಫೆಬ್ರವರಿ 26ರಿಂದ ಅಲ್ಲಿಯ ತನಕದ ನಾಲ್ಕು ತಿಂಗಳು ಯಾವ ಪ್ರವಾಹಕ್ಕೂ ಯಾವ ಮುಷ್ಕರಕ್ಕೂ ಸಂಬಂಧಪಟ್ಟದ್ದಲ್ಲ.

ಅಂದರೆ ಎರಡರಲ್ಲಿ ಯಾವುದೇ ನಿಜವಾಗಿರಲಿ, ಕೊರತೆ ಒಂದೇ ಜಾಗದಲ್ಲಿ ಬಂದು ನಿಲ್ಲುತ್ತದೆ: ಒಂದು ಸಾಲು ಬರಹ, ಅದರ ಪಕ್ಕದಲ್ಲಿ ಒಂದು ಹೆಸರು.

ಯಾರ ನಷ್ಟ

ಪ್ರಾಜೆಕ್ಟಿನಲ್ಲಿ ಏನೇನು ಕೆಡಬಹುದು ಎಂದು ಪಟ್ಟಿ ಮಾಡುವ ರಿಸ್ಕ್ ರಿಜಿಸ್ಟರ್ ಎಂಬ ತಖ್ತೆಯನ್ನು ನಮ್ಮಲ್ಲಿ ಎಲ್ಲರೂ ನೋಡಿದ್ದೇವೆ. ಎಕ್ಸೆಲ್ ಹಾಳೆ. ಸಂಭವ ಎಷ್ಟು, ಪರಿಣಾಮ ಎಷ್ಟು, ಗುಣಿಸಿದರೆ ಕೆಂಪೋ ಹಳದಿಯೋ ಹಸಿರೋ. ಈ ಗುಣಾಕಾರದಲ್ಲಿ ಒಂದು ಮೋಸ ಅಡಗಿದೆ. ಅದು ಗೋಖಲೆ ಪ್ರಕರಣದಲ್ಲಿ ಹಗಲಿನಷ್ಟು ಸ್ಪಷ್ಟ.

ಐಎಸ್ಒ 31000 ಎಂಬ ಅಂತರರಾಷ್ಟ್ರೀಯ ಮಾನಕ (2009ರಲ್ಲಿ ಮೊದಲು ಬಂದದ್ದು, 2018ರಲ್ಲಿ ಪರಿಷ್ಕರಿಸಿದ್ದು) ರಿಸ್ಕನ್ನು ನಮ್ಮ ಗುರಿಗಳ ಮೇಲೆ ಅನಿಶ್ಚಿತತೆ ಮಾಡುವ ಪರಿಣಾಮ ಎಂದು ಹಿಡಿಯುತ್ತದೆ. ಸರಿ, ಆದರೆ ಯಾರ ಗುರಿ? ರೈಲ್ವೆಯ ಗುರಿ ಹಳಿಗಳ ಮೇಲೆ ಸಾಕಷ್ಟು ತೆರಪು. ಪುಲ್ ಎರಡು ಮೀಟರ್ ಮೇಲೇರಿದರೆ ಅವರಿಗೆ ಪರಿಣಾಮ ಸೊನ್ನೆ, ಹೇಳಬೇಕೆಂದರೆ ಲಾಭವೇ. ಪುಲ್ ಕಟ್ಟುವ ಗುತ್ತಿಗೆದಾರನ ಗುರಿ ಡ್ರಾಯಿಂಗಿನಂತೆ ಕಟ್ಟಿ ಬಿಲ್ ಪಡೆಯುವುದು. ಬರ್ಫೀವಾಲಾ ಅವನ ಬಿಲ್ಲಿನಲ್ಲಿಲ್ಲದಿದ್ದರೆ ಅವನಿಗೂ ಸೊನ್ನೆ. ಜುಹು ಕಡೆಯಿಂದ ಬರ್ಫೀವಾಲಾ ಹತ್ತಿ ಪೂರ್ವಕ್ಕೆ ಹೋಗಬೇಕಾದ ಮನುಷ್ಯನಿಗೆ ಪರಿಣಾಮ ಪೂರ್ತಿ ಹತ್ತಕ್ಕೆ ಹತ್ತು. ಅವನು ಆ ಮೀಟಿಂಗಿನಲ್ಲಿಲ್ಲ. ಒಬ್ಬೊಬ್ಬರ ಹಾಳೆಯನ್ನು ಬೇರೆ ಬೇರೆಯಾಗಿ ತಪಾಸಣೆ ಮಾಡಿದರೆ ಒಂದರಲ್ಲೂ ತಪ್ಪು ಸಿಗದಿರಬಹುದು. ಈ ಮನೆಯವರು ಆ ಮನೆಯಲ್ಲಿ ಉಂಡಿರಬೇಕು ಎಂದುಕೊಂಡು, ಆ ಮನೆಯವರು ಈ ಮನೆಯಲ್ಲಿ ಎಂದುಕೊಂಡು, ನಡುವೆ ನೆಂಟ ಉಪವಾಸ ಮಲಗಿದ ಹಾಗೆ.

ಪೂರ್ವ ಅಂಧೇರಿಯಲ್ಲಿ ಹೋಟೆಲು ನಡೆಸುವ ಕುಂದಾಪುರ ಕಡೆಯ ಶೆಟ್ಟರೊಬ್ಬರನ್ನು ಇಲ್ಲಿ ನೆನೆಯಲೇಬೇಕು. ಅವರ ಹಿಟ್ಟು ರುಬ್ಬುವ ಜಾಗ ಪಶ್ಚಿಮದಲ್ಲಿ, ಗಿರಾಕಿಗಳು ಪೂರ್ವದಲ್ಲಿ. ಪುಲ್ ಮುಚ್ಚುತ್ತದೆ ಎಂದಾಗ ಪೂರ್ವದಲ್ಲೇ ಒಂದು ಗಾಳೆ (ಸಣ್ಣ ಅಂಗಡಿ ಜಾಗ) ಬಾಡಿಗೆಗೆ ಹಿಡಿದು ಗ್ರೈಂಡರ್ ಹಾಕಿಸಿದರು. ಮುಂಬೈನಲ್ಲಿ ಹನ್ನೊಂದು ತಿಂಗಳ ಲೀವ್ ಅಂಡ್ ಲೈಸೆನ್ಸ್ ಕರಾರು ಮಾಮೂಲಿ. ಅವರು ಆ ಅವಧಿ ಮುಗಿದ ಮೇಲೆ ಅದೇ ಬಾಡಿಗೆಗೆ ಇನ್ನೊಂದು ಅವಧಿ ಮುಂದುವರಿಸುವ ಹಕ್ಕು ತನಗಿರಲಿ ಎಂದು ಬರೆಸಿಕೊಂಡರು. ಮೇ ತಿಂಗಳಿಗೆ ತೆರೆಯುತ್ತದಂತಲ್ಲ ಎಂದು ಯಾರೋ ಕೇಳಿದ್ದಕ್ಕೆ, "ಅವ್ರು ಮೇ ಅಂತ ಹೇಳುದು ಅವ್ರ ಕೆಲ್ಸ ಮಾರಾಯ್ರೆ, ಮಳೆಗಾಲ ಕಳೀದೆ ಆಪುದಿಲ್ಲ ಅಂತ ಬರ್ಕಂಬುದು ನಮ್ಮ ಕೆಲ್ಸ" ಎಂದರಂತೆ. ಅವರಿಗೆ ರಿಜಿಸ್ಟರ್ ಗೊತ್ತಿಲ್ಲ. ಆದರೆ ರಿಜಿಸ್ಟರಿನ ಮೂರು ಮುಖ್ಯ ಕಾಲಂಗಳು, ಅಂದರೆ ಏನು ಕೆಡಬಹುದು, ಕೆಟ್ಟರೆ ಏನು ಮಾಡುತ್ತೇನೆ, ಅದಕ್ಕೆ ಈಗಲೇ ಎಷ್ಟು ಕೊಡುತ್ತೇನೆ, ಎಲ್ಲವೂ ಆ ಕರಾರಿನಲ್ಲಿದ್ದವು. ಅವರಿಗೆ ಅದು ಸಾಧ್ಯವಾದದ್ದು ನಷ್ಟವೂ ತೀರ್ಮಾನವೂ ಒಬ್ಬನದೇ ಆಗಿದ್ದರಿಂದ. ದೊಡ್ಡ ಪ್ರಾಜೆಕ್ಟಿನಲ್ಲಿ ತೀರ್ಮಾನ ಒಬ್ಬರದು, ನಷ್ಟ ಇನ್ನೊಬ್ಬರದು. ಆ ಅಂತರವನ್ನು ತುಂಬಲಿಕ್ಕೇ ಔಪಚಾರಿಕ ಪದ್ಧತಿ ಬೇಕಾಗುವುದು.

ಮಳೆಗಾಲದ ವಿಷಯ ಬಂತಲ್ಲ, ಅದರಲ್ಲೂ ಒಂದು ಪಾಠವಿದೆ. ಗೋಖಲೆ ಮುಚ್ಚಿದಾಗ ಪರ್ಯಾಯ ಎಂದು ಜನ ಹಿಡಿದ ದಾರಿಗಳಲ್ಲಿ ಅಂಧೇರಿ ಸಬ್‌ವೇಯೂ ಒಂದು. ಅದು ಜೋರು ಮಳೆ ಬಂದಾಗಲೆಲ್ಲ ನೀರು ತುಂಬಿ ಮುಚ್ಚುವುದು ಮುಂಬೈನ ಮಕ್ಕಳಿಗೂ ಗೊತ್ತು. ಹಾಳೆಯಲ್ಲಿ 'ಪುಲ್ ಕೆಲಸ ಮಳೆಗಾಲ ದಾಟುವುದು' ಒಂದು ಸಾಲು, 'ಪರ್ಯಾಯ ದಾರಿಯಲ್ಲಿ ನೀರು' ಇನ್ನೊಂದು ಸಾಲು. ಬೇರೆ ಬೇರೆಯಾಗಿ ನೋಡಿದರೆ ಎರಡೂ ಹಳದಿ. ಆದರೆ ಎರಡಕ್ಕೂ ಕಾರಣ ಒಂದೇ ಮಳೆ. ಕೂಡಿ ಬಂದರೆ ಕಡುಕೆಂಪು. ಸಾಲುಗಳ ನಡುವಿನ ಈ ನಂಟನ್ನು ತೋರಿಸುವ ಕಾಲಂ ಹೆಚ್ಚಿನ ಹಾಳೆಗಳಲ್ಲಿ ಇರುವುದೇ ಇಲ್ಲ. ನನ್ನ ಅನುಭವದಲ್ಲಿ ಆ ಒಂದು ಕಾಲಂ ಸೇರಿಸಿದರೆ ಬಣ್ಣಗಳಿಗಿಂತ ಹೆಚ್ಚು ಉಪಯೋಗ.

ಆ ಸಾಲು ಹೇಗಿರಬೇಕಿತ್ತು

ನಾವು ಬರೆದು ನೋಡಿದೆವು. ಮೊದಲ ಪ್ರಯತ್ನ ಎಲ್ಲರೂ ಬರೆಯುವಂಥದ್ದೇ: 'ಇಂಟರ್‌ಫೇಸ್ ಸಮಸ್ಯೆ, ಮಧ್ಯಮ, ಪ್ರಾಜೆಕ್ಟ್ ಟೀಮ್.' ಹಿರಿಯರು ಅದನ್ನು ಅಡ್ಡಗೆರೆ ಎಳೆದು ಹೊಡೆದರು. ಇಂಥ ಸಾಲು ಇರುವುದಕ್ಕಿಂತ ಇಲ್ಲದಿರುವುದೇ ಮೇಲು, ಯಾಕೆಂದರೆ ಇದನ್ನು ನೋಡಿದವನಿಗೆ 'ಅದನ್ನು ನೋಡಿಕೊಂಡಿದ್ದಾರೆ' ಅನ್ನಿಸುತ್ತದೆ.

ಕೊನೆಗೆ ಉಳಿದದ್ದು ಹೀಗೆ. ಕಾರಣ: ರೈಲ್ವೆಯ ತೆರಪಿನ ನಿಯಮದಿಂದ ಹೊಸ ಪುಲ್‌ನ ಮಟ್ಟ ಏರಲಿದೆ. ಘಟನೆ: ಬರ್ಫೀವಾಲಾದ ತುದಿಗೂ ಹೊಸ ಮಟ್ಟಕ್ಕೂ ಗಾಡಿ ಏರಲಾರದಷ್ಟು ಅಂತರ ಬರಬಹುದು. ಪರಿಣಾಮ: ಪುಲ್ ತೆರೆದರೂ ಪಶ್ಚಿಮದ ಮೇಲ್ಸೇತುವೆಯ ಸಂಚಾರ ತಿಂಗಳುಗಟ್ಟಲೆ ನಿಲ್ಲಬಹುದು. ಸೂಚನೆ: ಡ್ರಾಯಿಂಗಿಗೆ ರೈಲ್ವೆಯ ಒಪ್ಪಿಗೆ ಸಿಕ್ಕ ದಿನ, ಅಂದಿನಿಂದ ಒಂದು ವಾರದೊಳಗೆ ಎರಡೂ ತುದಿಗಳ ಮಟ್ಟ ಅಳೆಯಬೇಕು. ಅಂತರ ಇಂತಿಷ್ಟು ಸೆಂಟಿಮೀಟರ್ ದಾಟಿದರೆ ಎತ್ತುವ ಮತ್ತು ಕೆಡವಿ ಕಟ್ಟುವ ಎರಡೂ ದಾರಿಗಳ ವಿನ್ಯಾಸ ಶುರು. ಹೊಣೆ: ಎರಡೂ ಸೇತುವೆಗಳ ಮೇಲೆ ಅಧಿಕಾರವಿರುವ ಒಬ್ಬ ಅಧಿಕಾರಿ, ಹುದ್ದೆಯಲ್ಲ, ಹೆಸರು. ಮೀಸಲು: ಎತ್ತುವ ಖರ್ಚು ಹತ್ತು ಕೋಟಿ ಎಂದೂ ಸಂಭವ ನೂರಕ್ಕೆ ಅರವತ್ತು ಎಂದೂ ಲೆಕ್ಕಕ್ಕೆ ಇಟ್ಟುಕೊಂಡರೆ ಆರು ಕೋಟಿ ಪಕ್ಕಕ್ಕೆ. ಅಂಕಿಗಳು ನಾವು ಅಭ್ಯಾಸಕ್ಕೆಂದು ಹಾಕಿಕೊಂಡವು. ಆದರೆ ಹಾಳೆಯ ಮೇಲೆ ಆರು ಕೋಟಿ ಎಂಬ ಅಂಕಿ ಕಂಡಾಗ, ಒಂದು ಮುಂಜಾನೆಯ ಲೆವೆಲ್ ಸರ್ವೆಗೆ ಯಾರೂ ಇಲ್ಲವೆನ್ನಲಾರರು.

"ಡ್ರಾಯಿಂಗಿಗೆ ಸಹಿ ಬಿದ್ದ ಮ್ಯಾಲೆ ಇದು ರಿಸ್ಕ್ ಹೆಂಗ ಆಕ್ಕೈತ್ರಿ, ಇಶ್ಯೂ ಅಲ್ಲೇನ್ರಿ?" ಎಂದು ವಿಜಯಪುರದ ಹುಡುಗಿ ಕೇಳಿದಳು. ಸರಿಯಾದ ಪ್ರಶ್ನೆ. ಅಳತೆ ಮಾಡುವ ತನಕ ರಿಸ್ಕ್. ಮಾಡಿದ ಮೇಲೆ ಅಂತರ ಖಚಿತವಾದರೆ ಅದು ಇಶ್ಯೂ, ರಿಜಿಸ್ಟರಿನಿಂದ ಹೊರಗೆ, ಕೆಲಸದ ಪಟ್ಟಿಗೆ. ಖಚಿತವಾದ ವಿಷಯವನ್ನು ರಿಸ್ಕ್ ಎಂದು ಇಟ್ಟುಕೊಂಡೇ ಇರುವುದು ನಮ್ಮ ಆಫೀಸುಗಳ ಹಳೆಯ ಚಾಳಿ. ರಿಸ್ಕ್ ಎಂದರೆ ಇನ್ನೂ ಕಾಯಬಹುದು, ಇಶ್ಯೂ ಎಂದರೆ ಇವತ್ತೇ ಯಾರಾದರೂ ಏಳಬೇಕು.

ಕಾಗದ ಇದ್ದರೆ ಸಾಕೇ

ಔಪಚಾರಿಕ ಪದ್ಧತಿಯನ್ನು ಹೊಗಳುವವನು 2019ರ ಮಾರ್ಚ್ 14ನ್ನು ಮರೆಯಬಾರದು. ಆ ಸಂಜೆ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ಬಳಿಯ ಹಿಮಾಲಯ ಪಾದಚಾರಿ ಸೇತುವೆ ಕುಸಿದು ಜನ ಸತ್ತರು. ಕುಸಿಯುವ ಮೊದಲೇ ಆ ಸೇತುವೆಗೂ ತಪಾಸಣೆ ಆಗಿತ್ತು. ಸಣ್ಣಪುಟ್ಟ ದುರಸ್ತಿ ಸಾಕು ಎಂದು ವರದಿ ಇತ್ತು. ಕಾಗದ ಇತ್ತು, ಸಹಿ ಇತ್ತು, ಮೊಹರು ಇತ್ತು. ಇದನ್ನು ಎತ್ತಿ ಹಿಡಿದು 'ಫಾರ್ಮಾಲಿಟಿಯಿಂದ ಏನೂ ಆಗದು' ಎನ್ನುವವರು ಸಿಗುತ್ತಾರೆ. ನಾನು ಉಲ್ಟಾ ಓದುತ್ತೇನೆ. ಕಾಗದ ಇದ್ದುದರಿಂದಲೇ ಯಾರು ಏನು ಹೇಳಿದ್ದರು ಎಂದು ಆಮೇಲೆ ಹಿಡಿದು ಕೇಳಲು ಸಾಧ್ಯವಾಯಿತು. ಆದರೆ ತಪ್ಪು ಸಿಕ್ಕಬೇಕಾದದ್ದು ಕುಸಿದ ಮೇಲಲ್ಲ. ಒಬ್ಬರ ಅಂದಾಜನ್ನು ಇನ್ನೊಬ್ಬರು, ಮೊದಲನೆಯವರಿಗೆ ಕೆಲಸ ಕೊಟ್ಟವರಲ್ಲದ ಇನ್ನೊಬ್ಬರು, ಮರುಪರಿಶೀಲಿಸುವ ಹಂತ ಪದ್ಧತಿಯೊಳಗೇ ಇರಬೇಕು. ಅದಿಲ್ಲದ ರಿಜಿಸ್ಟರು ಬರೀ ಧೈರ್ಯದ ಚೀಟಿ.

ಒಳ್ಳೆಯದಾಗಿ ನಡೆದದ್ದೂ ಇದೇ ಪ್ರಕರಣದಲ್ಲಿದೆ. ಬರ್ಫೀವಾಲಾವನ್ನು ಕೆಡವದೆ ಎತ್ತುವುದು ಎಂದು ತೀರ್ಮಾನವಾದ ಮೇಲೆ ಜಾಕ್‌ಗಳನ್ನಿಟ್ಟು ಒಂದು ಬದಿಯನ್ನು 1,397 ಮಿಲಿಮೀಟರ್, ಇನ್ನೊಂದನ್ನು 650 ಮಿಲಿಮೀಟರ್ ಮೇಲೆತ್ತಿದರು. ಎರಡು ಬದಿಗೆ ಎರಡು ಅಳತೆ ಎಂಬುದನ್ನು ಗಮನಿಸಿ. ಇಂಥ ಕೆಲಸದಲ್ಲಿ ಒಂದು ಜಾಕ್ ಮುಂದೆ, ಒಂದು ಹಿಂದೆ ಆದರೆ ಕಾಂಕ್ರೀಟ್ ತಿರುಚಿ ಬಿರುಕು ಬಿಡುತ್ತದೆ. ಅದಕ್ಕೇ ಇಂಥ ಕಡೆ ಸ್ವಲ್ಪ ಸ್ವಲ್ಪವೇ ಎತ್ತಿ, ಪ್ರತಿ ಹಂತದಲ್ಲೂ ಅಳೆದು, ಜಾಕ್ ಕೈಕೊಟ್ಟರೂ ಭಾರ ಕೂರುವಂತೆ ಕೆಳಗೆ ಆಸರೆ ಕೊಡುತ್ತಾ ಹೋಗುವುದು ವಾಡಿಕೆ. ಇಂತಿಷ್ಟಕ್ಕಿಂತ ಹೆಚ್ಚು ವ್ಯತ್ಯಾಸ ಕಂಡರೆ ನಿಲ್ಲಿಸುವವರು ಯಾರು ಎಂಬುದು ಮೊದಲೇ ಗೊತ್ತಿರುತ್ತದೆ. ಅಂದರೆ ಮಿಲಿಮೀಟರ್ ಮಟ್ಟದಲ್ಲಿ ನಮ್ಮ ಎಂಜಿನಿಯರುಗಳಿಗೆ ರಿಸ್ಕ್ ನಿರ್ವಹಣೆ ರಕ್ತದಲ್ಲೇ ಇದೆ. ಕಚೇರಿ ಕಚೇರಿಗಳ ನಡುವಿನ ಮೀಟರ್ ಮಟ್ಟದಲ್ಲಿ ಅದು ಕೈತಪ್ಪುತ್ತದೆ. ಗೋಖಲೆ ಪುಲ್ ಪೂರ್ತಿಯಾಗಿ ತೆರೆದದ್ದು 2025ರ ಮೇ ತಿಂಗಳಲ್ಲಿ.

ಹೊಣೆ ಯಾರ ತಲೆಗೆ

ಚರ್ಚೆ ಮುಗಿಯದೆ ಉಳಿದದ್ದು ಇದರ ಮೇಲೆ. ಇಬ್ಬರ ನಡುವಿನ ರಿಸ್ಕ್ ಯಾರದು? ಹಿರಿಯರ ಪ್ರಕಾರ ಇಬ್ಬರಿಗೂ ಮೇಲಿರುವವನದು. ಕೆಳಗಿನವರಿಗೆ ಹಂಚಿದರೆ ಮತ್ತೆ ಸಂದಿಗೇ ಬೀಳುತ್ತದೆ. ನನಗೆ ಇದರಲ್ಲಿ ಅರ್ಧ ನಂಬಿಕೆ. ಮೇಲಿರುವವನ ಮೇಜಿನ ಮೇಲೆ ಇಂಥ ನೂರು ಸಾಲು ಬರುತ್ತವೆ. ಅವನು ಅವನ್ನು ಓದುವುದು ಪತ್ರಿಕೆಯಲ್ಲಿ ಚಿತ್ರ ಬಂದ ಮೇಲೆಯೇ. ನಂತರ ಬಂದು ಸೇರಿಕೊಳ್ಳುವವನೇ ಹೊಣೆ ಹೊರಬೇಕು ಎಂದು ನಾನು ಹೇಳಿದೆ. ಆಗಲೇ ಇರುವುದು ಅಲುಗಾಡದು, ಹೊಸದಾಗಿ ಬರುವವನೇ ಅಳೆದುಕೊಂಡು ಬರಬೇಕು. ಅದಕ್ಕೆ ಹಿರಿಯರು, "ಹಂಗಾದ್ರ ಮೊದಲ ಕಟ್ಟಿದಾಂವ ಆರಾಮ ಕಾಲ ಚಾಚಿ ಕುಂದ್ರತಾನ ಬಿಡ್ರಿ" ಎಂದರು. ಅದೂ ನಿಜ.

ವಿಜಯಪುರದ ಹುಡುಗಿ ನಮ್ಮಿಬ್ಬರಿಗೂ ಕಾಯಲಿಲ್ಲ. ಅವಳ ಟೀಮ್ ಹಳೆಯ ಪೇಮೆಂಟ್ ವ್ಯವಸ್ಥೆಯಿಂದ ಹೊಸದಕ್ಕೆ ಒಂದು ರಾತ್ರಿಯಲ್ಲಿ ಬದಲಾಗಬೇಕಿತ್ತು. ಆಚೆ ತುದಿಯಲ್ಲಿ ಇನ್ನೊಂದು ಕಂಪನಿಯ ಸರ್ವರ್, ಹೊಸ ಸಂದೇಶದ ನಮೂನೆಗೆ ಅದು ಸಿದ್ಧವಿದೆ ಎಂದು ಎಲ್ಲರ ನಂಬಿಕೆ. ಅವಳು ಕಾರಣ, ಘಟನೆ, ಪರಿಣಾಮ ಬರೆದು, ಹೊಣೆಯ ಕಾಲಂನಲ್ಲಿ ಎರಡು ಹೆಸರು ಹಾಕಿದಳು: ತನ್ನ ಮ್ಯಾನೇಜರದು, ಆ ಕಂಪನಿಯ ಮ್ಯಾನೇಜರದು. ಹಾಳೆಯನ್ನು ಇಬ್ಬರಿಗೂ ಕಳಿಸಿದಳು. ಆಚೆಯಿಂದ ಎರಡೇ ದಿನದಲ್ಲಿ ಉತ್ತರ ಬಂತು: ದಯವಿಟ್ಟು ನನ್ನ ಹೆಸರು ತೆಗೆಯಿರಿ, ನಮ್ಮ ಕಡೆ ಆ ನಮೂನೆಯ ಪರೀಕ್ಷೆ ಇನ್ನೂ ಆಗಿಲ್ಲ. ತಿಂಗಳುಗಟ್ಟಲೆ ಸ್ಟೇಟಸ್ ಮೀಟಿಂಗುಗಳಲ್ಲಿ ಹೊರಬರದ ಮಾತು ಅದು. ಅವರು ಬದಲಾವಣೆಯ ದಿನವನ್ನು ಮುಂದಕ್ಕೆ ಹಾಕಿ, ಎರಡೂ ಕಡೆಯವರು ಕೂತು ಪರೀಕ್ಷೆಗೆ ತಾರೀಕು ಗೊತ್ತುಮಾಡಿಕೊಂಡಿದ್ದಾರೆ. ಹೆಸರು ಮಾತ್ರ ತೆಗೆದಿಲ್ಲ.